ಸ್ಕೋರ್ ಕೇಳಿ, ಯುರೋಪಿಗೆ ಯಾರು ಅಂತ ಮಾತ್ರ ಕೇಳಬೇಡಿ

ಎರಡು ಸೀಸನ್‌ನಿಂದ ಈ ಫುಟ್‌ಬಾಲ್ ಸ್ಕೋರ್ ಆ್ಯಪ್ ಬಳಸುತ್ತಿದ್ದೇನೆ (ಹೆಸರು ಬೇಡ ಬಿಡಿ). ಗೋಲ್ ಆದ ಕೂಡಲೇ ಫೋನ್ ಗುಂಯ್ ಅನ್ನುತ್ತದೆ, ಆ ವಿಷಯದಲ್ಲಿ ದೂರಿಲ್ಲ. ನನ್ನ ತಕರಾರು ಪಾಯಿಂಟ್ಸ್ ಟೇಬಲ್ ಪಕ್ಕದ ಬಣ್ಣದ ಪಟ್ಟಿಗಳ ಬಗ್ಗೆ. ಯಾವ ಕ್ಲಬ್ ಮುಂದಿನ ಸೀಸನ್‌ನಲ್ಲಿ ಯುರೋಪ್ ಮಟ್ಟದ ಯಾವ ಟೂರ್ನಿ ಆಡುತ್ತದೆ ಅಂತ ಇವು ತೋರಿಸಬೇಕು: ನೀಲಿ ಅಂದರೆ ಎಲ್ಲಕ್ಕಿಂತ ದೊಡ್ಡ ಚಾಂಪಿಯನ್ಸ್ ಲೀಗ್, ಕಿತ್ತಳೆ ಎರಡನೇ ಹಂತದ ಯುರೋಪಾ ಲೀಗ್, ಹಸಿರು ಮೂರನೇ ಹಂತದ ಕಾನ್ಫರೆನ್ಸ್ ಲೀಗ್. ನೋಡೋಕೆ ಚೆಂದ. ಆದರೆ ಯುರೋಪಿನ ಸೀಟು ಬರೀ ಟೇಬಲ್ ನೋಡಿ ಹಂಚುವುದಿಲ್ಲ, ಅಲ್ವಾ?

2024-25ರ ಪ್ರೀಮಿಯರ್ ಲೀಗನ್ನೇ (ಇಂಗ್ಲೆಂಡಿನ ಮೇಲಿನ ಡಿವಿಷನ್) ನೋಡಿ. ಒಂದು ದೇಶದ ಕ್ಲಬ್‌ಗಳೆಲ್ಲ ಆ ವರ್ಷ ಯುರೋಪಿನಲ್ಲಿ ಗಳಿಸಿದ ಪಾಯಿಂಟನ್ನು ಕೂಡಿ, ಕ್ಲಬ್‌ಗಳ ಸಂಖ್ಯೆಯಿಂದ ಭಾಗಿಸಿ, ಮೇಲೆ ಬಂದ ಎರಡು ದೇಶಗಳಿಗೆ ಚಾಂಪಿಯನ್ಸ್ ಲೀಗ್‌ನ ಒಂದೊಂದು ಸೀಟು ಜಾಸ್ತಿ ಕೊಡುತ್ತಾರೆ. ಇಂಗ್ಲೆಂಡಿಗೆ ಅದು ಏಪ್ರಿಲ್‌ನಲ್ಲೇ ಖಾತ್ರಿಯಾಗಿತ್ತು. ಅಂದರೆ ಮಾಮೂಲಿ ನಾಲ್ಕರ ಬದಲು ಮೊದಲ ಐದು ಸ್ಥಾನಕ್ಕೆ ಚಾಂಪಿಯನ್ಸ್ ಲೀಗ್. ಆ್ಯಪ್ ಮಾತ್ರ ಲೀಗ್‌ನ ಕೊನೇ ದಿನದವರೆಗೂ ನಾಲ್ಕೇ ಸಾಲಿಗೆ ನೀಲಿ ಬಳಿದುಕೊಂಡು ಕೂತಿತ್ತು. ಆ ದಿನ ನ್ಯೂಕ್ಯಾಸಲ್ ಎವರ್ಟನ್ ಕೈಲಿ ಸೋತಿತು, ಆಸ್ಟನ್ ವಿಲ್ಲಾ ಮ್ಯಾಂಚೆಸ್ಟರ್ ಯುನೈಟೆಡ್ ಕೈಲಿ ಸೋತಿತು, ಇಬ್ಬರೂ 66 ಪಾಯಿಂಟ್, ಗೋಲ್ ವ್ಯತ್ಯಾಸದಲ್ಲಿ ನ್ಯೂಕ್ಯಾಸಲ್ ಐದನೆಯದಾಗಿ ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ನನ್ನ ಸ್ಕ್ರೀನಿನಲ್ಲಿ ಅದು ಕಿತ್ತಳೆ. ಎದೆ ಹೊಡೆದುಕೊಳ್ಳುವ ಹೊತ್ತಲ್ಲಿ ಇಂಥ ತಪ್ಪು!

ಟಾಟನ್‌ಹ್ಯಾಮ್ ಕಥೆ ಇನ್ನೂ ಮಜಾ. ಲೀಗ್‌ನಲ್ಲಿ 17ನೇ ಸ್ಥಾನ, ಒಂದು ಮೆಟ್ಟಿಲು ಇಳಿದಿದ್ದರೆ ಕೆಳಗಿನ ಡಿವಿಷನ್. ಆದರೆ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಗೆದ್ದರು, ಗೆದ್ದವರಿಗೆ ಚಾಂಪಿಯನ್ಸ್ ಲೀಗ್ ಸೀಟು ನೇರ. ಆ್ಯಪ್‌ನಲ್ಲಿ ಆ ಸಾಲಿಗೆ ಬಣ್ಣವೇ ಇಲ್ಲ.

ಕ್ರಿಸ್ಟಲ್ ಪ್ಯಾಲೇಸ್ ವಿಷಯದಲ್ಲಿ ಸ್ವಲ್ಪ ಕನಿಕರ ತೋರಿಸಬಹುದು, ಯಾಕೆಂದರೆ ಅಲ್ಲಿ ಎಲ್ಲರಿಗೂ ತಲೆಕೆಟ್ಟಿತ್ತು. 12ನೇ ಸ್ಥಾನ, ಆದರೆ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದು ಯುರೋಪಾ ಲೀಗ್ ಸೀಟು ಸಂಪಾದಿಸಿದ್ದರು. ಪ್ಯಾಲೇಸ್‌ನಲ್ಲೂ, ಯುರೋಪಾ ಲೀಗ್‌ಗೇ ಬಂದಿದ್ದ ಫ್ರಾನ್ಸಿನ ಲಿಯೋನ್ ಕ್ಲಬ್‌ನಲ್ಲೂ ಅಮೆರಿಕದ ಉದ್ಯಮಿ ಜಾನ್ ಟೆಕ್ಸ್ಟರ್ ಅವರ ಪಾಲಿತ್ತು. ಒಬ್ಬರ ಹಿಡಿತದ ಎರಡು ಕ್ಲಬ್ ಒಂದೇ ಟೂರ್ನಿಯಲ್ಲಿ ಆಡುವಂತಿಲ್ಲ. ತಮ್ಮ ಲೀಗ್‌ನಲ್ಲಿ ಮೇಲಿದ್ದ ಲಿಯೋನ್ ಉಳಿಯಿತು, ಪ್ಯಾಲೇಸ್ ಕಾನ್ಫರೆನ್ಸ್ ಲೀಗ್‌ಗೆ ಇಳಿಯಿತು, ಅದರ ಯುರೋಪಾ ಲೀಗ್ ಸೀಟು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋಯಿತು. ಪ್ಯಾಲೇಸ್‌ನ ಮೇಲ್ಮನವಿಯೂ ಆಗಸ್ಟ್‌ನಲ್ಲಿ ಬಿದ್ದುಹೋಯಿತು. ಆ್ಯಪ್ ಒಂದು ದಿನ ಸುಮ್ನೆ ಕಿತ್ತಳೆ ತೆಗೆದು ಹಸಿರು ಹಾಕಿತು. ಯಾಕೆ ಅಂತ ಒಂದು ಸಾಲೂ ಇಲ್ಲ. ಹೊಸದಾಗಿ ನೋಡುವವರು ಏನಂದುಕೊಳ್ಳಬೇಕು?

ಹೊಗಳಬೇಕಾದ್ದೂ ಒಂದಿದೆ. ಚಾಂಪಿಯನ್ಸ್ ಲೀಗ್‌ನ 36 ತಂಡಗಳ ಹೊಸ ಟೇಬಲ್ ಚೆನ್ನಾಗಿ ಮಾಡಿದ್ದಾರೆ: 8ರ ಕೆಳಗೆ ಒಂದು ಗೆರೆ, 24ರ ಕೆಳಗೆ ಇನ್ನೊಂದು, ಮುಂದಿನ ಸುತ್ತಿಗೆ ನೇರ ಯಾರು, ಅದಕ್ಕಾಗಿ ಪ್ಲೇಆಫ್ ಆಡಬೇಕಾದವರು ಯಾರು, ಮನೆಗೆ ಯಾರು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಎರಡು ಸಲ ಬರೆದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಎರಡು ಸಲವೂ ಒಂದೇ ಉತ್ತರ. 5ಕ್ಕೆ 3 ಸ್ಟಾರ್, ಅದರಲ್ಲಿ ಎರಡು ಆ ಗುಂಯ್ ಶಬ್ದಕ್ಕೆ.