ಸ್ಟ್ರಾಸ್‌ಬರ್ಗೋ, ಜಿನೀವಾವೋ?

ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಅನ್ಯಾಯಕ್ಕೊಳಗಾಗಿ, ಅಲ್ಲಿನ ಕೋರ್ಟುಗಳಲ್ಲೂ ಸೋತವರಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ: ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಮತ್ತು ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ.

ಎರಡೂ ಒಂದೇ ರೀತಿ ಯೋಚಿಸುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿದರೆ 150 ಯೂರೋವರೆಗೆ ದಂಡ ಹಾಕುವ 2010ರ ಕಾನೂನನ್ನೇ ನೋಡಿ. ‘ಕೂಡಿ ಬಾಳಲು’ ಮುಖ ಕಾಣಬೇಕೆಂಬ ಸರ್ಕಾರದ ವಾದವನ್ನು ಸ್ಟ್ರಾಸ್‌ಬರ್ಗ್ 2014ರಲ್ಲಿ ಒಪ್ಪಿತು. ಅದೇ ವಾದ ತೀರಾ ಅಸ್ಪಷ್ಟವೆಂದು ಜಿನೀವಾ 2018ರಲ್ಲಿ ತಳ್ಳಿಹಾಕಿತು. ದಂಡ ತೆತ್ತ ಇಬ್ಬರು ಮಹಿಳೆಯರ ಹಕ್ಕು ಉಲ್ಲಂಘನೆಯಾಗಿದೆ ಎಂದಿತು. ಉಡುಪಿನ ವಿಷಯವಾದರೆ ನಾನು ಜಿನೀವಾ ಎನ್ನುತ್ತೇನೆ.

ಆದರೆ ಜಿನೀವಾದ್ದು ಅಭಿಪ್ರಾಯ, ಸ್ಟ್ರಾಸ್‌ಬರ್ಗಿನದು ಸರ್ಕಾರವನ್ನು ಕಟ್ಟಿಹಾಕುವ ತೀರ್ಪು. ಪರಿಹಾರದ ಹಣ ಮುಖ್ಯವಾದರೆ ಅಲ್ಲಿಗೇ ಹೋಗಿ. ದೇಶದ ಅಂತಿಮ ತೀರ್ಪು ಬಂದ ನಾಲ್ಕು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು, ಅಷ್ಟೇ.

ಬೆಂಗಳೂರಿನಲ್ಲಿ ಕುಳಿತವರಿಗೆ ಈ ಆಯ್ಕೆಯ ಕಷ್ಟವೇ ಇಲ್ಲ. ಸ್ಟ್ರಾಸ್‌ಬರ್ಗ್ ಯುರೋಪಿನ ದೇಶಗಳಿಗೆ ಮಾತ್ರ. ಇನ್ನು ಜಿನೀವಾ: ಆ ಸಮಿತಿ ನೋಡಿಕೊಳ್ಳುವ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದರೂ, ವ್ಯಕ್ತಿಗಳು ದೂರು ಕೊಡಲು ಬಿಡುವ ಅದರ ಪೂರಕ ಒಪ್ಪಂದವನ್ನು (ಪ್ರೋಟೋಕಾಲ್) ಒಪ್ಪಿಲ್ಲ. ಆದರೆ ವಿಶ್ವಸಂಸ್ಥೆಯ ಧಾರ್ಮಿಕ ಸ್ವಾತಂತ್ರ್ಯದ ವಿಶೇಷ ವರದಿಗಾರರಿಗೆ ಬರೆಯಬಹುದು. ಆ ಹುದ್ದೆ 1986ರಿಂದ ಇದೆ. ಕೋರ್ಟು ಅಲೆದು ಮುಗಿಸಿರಬೇಕೆಂಬ ಷರತ್ತಿಲ್ಲ. ಅವರು ಸರ್ಕಾರಕ್ಕೆ ಕಾಗದ ಬರೆದು ಉತ್ತರ ಕೇಳುತ್ತಾರೆ, ತೀರ್ಪು ಕೊಡುವುದಿಲ್ಲ.