ಗಾಂಧಿ ಚೌಕದ ಹಿಂದಿನ ಸೈಕಲ್ ಅಂಗಡಿ ಮತ್ತು ಮಿಸುಕದ ಲಾಕ್‌ರಿಂಗ್

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಫಲಕವೂ ಇಲ್ಲದ ಒಂದು ಸಣ್ಣ ಸೈಕಲ್ ದುರಸ್ತಿ ಅಂಗಡಿ ಇದೆ. ಸೈಕ್ಲಿಂಗ್ ಕಲಿಯುವ ಮಕ್ಕಳಿರುವ ಈ ಊರಿನ ಮನೆಗಳವರು ಅದನ್ನು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳ ಟ್ರ್ಯಾಕ್ ಸೈಕಲ್ಲಿಗೆ ಫ್ರೀವೀಲ್, ಅಂದರೆ ಪೆಡಲ್ ನಿಂತರೂ ಗಾಲಿಯನ್ನು ತಿರುಗಲು ಬಿಡುವ ಭಾಗ, ಇಲ್ಲ. ಹಿಂದಿನ ಗಾಲಿಯ ನಡುವಿನ ಹಬ್‌ಗೆ ಹಲ್ಲುಚಕ್ರವನ್ನು ನೇರವಾಗಿ ತಿರುವಿ ಕೂಡಿಸಿ, ಅದರ ಮೇಲೆ ಅದು ಕಳಚದಂತೆ ಹಿಡಿಯುವ ಬಳೆಯಾದ ಲಾಕ್‌ರಿಂಗ್ ಬಿಗಿದಿರುತ್ತಾರೆ. 15 ಹಲ್ಲಿನ ಚಕ್ರ ತೆಗೆದು 14 ಹಲ್ಲಿನದನ್ನು ಹಾಕಬೇಕಿತ್ತು. ಮೊದಲು ಹೋದ ಬೇರೊಂದು ಅಂಗಡಿಯಲ್ಲಿ ಚೀಣಿ ಇಟ್ಟು ಸುತ್ತಿಗೆಯಿಂದ ಎಡಕ್ಕೆ ಹೊಡೆದರು. ರಿಂಗಿನ ಒಂದು ಕಚ್ಚು ಹರಿಯಿತು, ರಿಂಗ್ ಮಾತ್ರ ಇನ್ನಷ್ಟು ಬಿಗಿಯಾಯಿತು.

ಇಲ್ಲಿಯ ಮಿಸ್ತ್ರಿ ಗಾಲಿಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಆ ಗಾಯವನ್ನು ಸವರಿ, "ಇದು ಉಲ್ಟಾ ಥ್ರೆಡ್ ಐತ್ರಿ ಸರ, ಬಲಕ್ಕ ತಿರುವಿದ್ರನ ಬಿಚ್ಚತೈತಿ" ಎಂದರು. ಸವಾರ ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುವಾಗ ಹಲ್ಲುಚಕ್ರ ಎಡಕ್ಕೆ ಸಡಿಲವಾಗಲು ನೋಡುತ್ತದೆ. ರಿಂಗಿನ ಥ್ರೆಡ್ ತಿರುವುಮುರುವಾಗಿರುವುದರಿಂದ ಅದೇ ಎಳೆತ ರಿಂಗನ್ನು ಬಿಗಿಗೊಳಿಸಿ ಚಕ್ರವನ್ನು ಹಿಡಿದಿಡುತ್ತದೆ. ಗ್ಯಾಸಿನ ಉರಿ ಹಿಡಿಯಬಹುದೇ ಎಂದು ನಾನು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಒಳಗಿನ ಹಬ್ ಅಲ್ಯೂಮಿನಿಯಂ, ಹೊರಗಿನ ರಿಂಗ್ ಉಕ್ಕು. ಎರಡೂ ಒಟ್ಟಿಗೆ ಕಾದರೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗಿ ರಿಂಗನ್ನು ಮತ್ತಷ್ಟು ಕಚ್ಚುತ್ತದೆ. ಗಾಲಿಯನ್ನು ಅಡ್ಡ ಮಲಗಿಸಿ, ಸಂದಿಗೆ ಹನಿಹನಿಯಾಗಿ ಜಂಗುಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೆಯೇ ಇರಿಸಿಕೊಂಡರು.

ಮರುದಿನ ನನ್ನೆದುರೇ ಕೆಲಸ ನಡೆಯಿತು. ಗಾಲಿಯನ್ನು ಗೋಣಿಚೀಲದ ಮೇಲೆ ನಿಲ್ಲಿಸಿ, ನನಗೆ ರಿಮ್ ಒತ್ತಿ ಹಿಡಿಯಲು ಹೇಳಿ, ಕೊಕ್ಕೆಪಾನಾವನ್ನು ಹರಿಯದೆ ಉಳಿದ ಕಚ್ಚಿಗೆ ಸಿಕ್ಕಿಸಿ, ಜಾರದಂತೆ ಎಡಗೈಯಿಂದ ಅದರ ತಲೆ ಅದುಮಿ, ಬಲಕ್ಕೆ ಒಂದೇ ಸಮನೆ ಭಾರ ಹಾಕಿದರು. ಟಕ್ ಎಂದು ಸದ್ದಾಗಿ ರಿಂಗ್ ಬಿಟ್ಟಿತು. ಥ್ರೆಡ್‌ಗಳ ನಡುವೆ ಸುಣ್ಣದಂಥ ಬಿಳಿ ಪುಡಿ ತುಂಬಿತ್ತು. ಬೆವರು, ತೇವ ತಾಗಿ ಅಲ್ಯೂಮಿನಿಯಂ ತಿಂದದ್ದು ಅದು. ಚೈನ್ ಸುತ್ತಿದ ಪಾನಾದಿಂದ ಹಲ್ಲುಚಕ್ರ ಸುಲಭವಾಗಿ ಎಡಕ್ಕೆ ಬಿಚ್ಚಿತು.

ಥ್ರೆಡ್ ಉಜ್ಜಿ, ಗ್ರೀಸ್ ಹಚ್ಚಿ, ಹೊಸ ಚಕ್ರ ಕೂಡಿಸಿದ್ದಕ್ಕೆ 150 ರೂಪಾಯಿ ತೆಗೆದುಕೊಂಡರು. ನನ್ನ ಲೆಕ್ಕದಲ್ಲಿ ಅದು ಕಡಿಮೆಯೇ. ಕಚ್ಚು ಹರಿದದ್ದರ ಬದಲಿಗೆ ಹಾಕಲು ಹೊಸ ಲಾಕ್‌ರಿಂಗ್ ಅವರ ಬಳಿ ಇರಲಿಲ್ಲ, ತರಿಸಲು ನಾಲ್ಕು ದಿನ ಹಿಡಿಯಿತು, ಮಗಳ ಅಭ್ಯಾಸ ಅಷ್ಟು ದಿನ ನಿಂತಿತು. ಹೋಗುವವರು ಹೊಸ ರಿಂಗನ್ನು ಮೊದಲೇ ಕೊಂಡು, ಸಂಜೆಯ ಹೊತ್ತಿಗೆ ಗಾಲಿ ಒಪ್ಪಿಸಿದರೆ ಮರುದಿನ ಮಧ್ಯಾಹ್ನದೊಳಗೆ ಕೈಗೆ ಸಿಗುತ್ತದೆ.