ಬೈಕಂಪಾಡಿಯ ಒಂದು ಕಾರ್ಮಿಕ ವಸತಿಗೃಹ: ಕೊಠಡಿ ಚೆನ್ನಾಗಿದೆ, ಕರಾರು ಓದಿಕೊಳ್ಳಿ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆದಾರರೊಬ್ಬರು ತಮ್ಮ ಕೆಲಸಗಾರರಿಗಾಗಿ ನಡೆಸುವ ವಸತಿ, ಮೆಸ್ ಮತ್ತು ಜಿನಸಿ ಅಂಗಡಿಯ ಒಟ್ಟು ವ್ಯವಸ್ಥೆಯ ಬಗ್ಗೆ, ಅಲ್ಲಿ ಉಗ್ರಾಣದ ಲೆಕ್ಕ ಬರೆಯುತ್ತ ಒಂದು ಮಳೆಗಾಲ ಕಳೆದವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಸೇರುವ ಮುನ್ನ ಏನನ್ನು ಓದಿ ನೋಡಬೇಕೆಂಬುದು ಹೆಸರಿಗಿಂತ ಮುಖ್ಯ.

ಕೊಠಡಿಯನ್ನು ದೂರಲು ಕಾರಣವಿಲ್ಲ. ತಾರಸಿಗೆ ತಗಡಿನ ಮಾಡು ಹಾಕಿಸಿರುವುದರಿಂದ ಆಟಿಯ ಮಳೆಯಲ್ಲೂ ಗೋಡೆ ಒಸರಲಿಲ್ಲ, ಶೌಚಾಲಯ ಶುಚಿಯಾಗಿತ್ತು. ಮೆಸ್ಸಿನಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉತ್ತರದವರಿಗೆ ಚಪಾತಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿಯುವವರೆಗೆ ಒಣಮೀನಿನ ಚಟ್ನಿ, ಆಮೇಲೆ ಬಂಗುಡೆ ಸಾರು.

ಅಂಗಡಿಯ ವಿಷಯ ಹಾಗಲ್ಲ. ಅಕ್ಕಿ, ಎಣ್ಣೆ, ಸಾಬೂನು, ಬೀಡಿ, ಮೊಬೈಲ್ ರೀಚಾರ್ಜ್ ಎಲ್ಲವೂ ಸುರತ್ಕಲ್ ಪೇಟೆಗಿಂತ ಸ್ವಲ್ಪ ದುಬಾರಿ. ಓಡಾಟದ ಶ್ರಮ ಉಳಿಯುವುದರಿಂದ ಅದನ್ನು ಸಹಿಸಬಹುದು. ಸಹಿಸಲಾಗದ್ದು, ಖರೀದಿಯ ಲೆಕ್ಕವೂ ಹಾಜರಿಯ ಲೆಕ್ಕವೂ ಒಬ್ಬನೇ ಗುಮಾಸ್ತನ ಮೇಜಿನ ಮೇಲಿರುವುದು. ಪಕ್ಕದ ಕುಳಾಯಿ ಊರಿನ ಅಂಗಡಿಯವರೂ ಕಡ ಕೊಡುತ್ತಾರೆ, ಆದರೆ ಬಾಕಿ ಉಳಿದರೆ ಅವರು ನಿಮ್ಮ ಪಾಳಿಯನ್ನು ಬದಲಿಸಲಾರರು. ಸಂಬಳಕ್ಕೆ ಮೊದಲು ಮುಂಗಡ ಕೇಳಿದವರಿಗೆ ಇಲ್ಲಿ ನಗದಿಲ್ಲ. ಈ ಅಂಗಡಿಯಲ್ಲಷ್ಟೇ ನಡೆಯುವ ಕೂಪನ್ ಸಿಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಊರುಗಳಲ್ಲಿ ಹಿಂದೆ ನಡೆಯುತ್ತಿದ್ದುದು ಇದೇ: ಮನೆ, ಅಂಗಡಿ, ವೈದ್ಯ, ಅನೇಕ ಕಡೆ ಶಾಲೆ ಮತ್ತು ಚರ್ಚ್ ಕೂಡ ಗಣಿ ಕಂಪನಿಯ ಕೈಯಲ್ಲಿದ್ದವು, ಕೂಲಿಯ ಒಂದು ಪಾಲು ‘ಸ್ಕ್ರಿಪ್’ ಎಂಬ ಕಂಪನಿ ನಾಣ್ಯದಲ್ಲಿ ಬರುತ್ತಿತ್ತು, ಕಂಪನಿಯ ಅಂಗಡಿಯಿಂದಾಚೆಗೆ ಆ ನಾಣ್ಯಕ್ಕೆ ಪೂರ್ತಿ ಬೆಲೆ ಸಿಗುತ್ತಿರಲಿಲ್ಲ.

ಕರಾರಿನ ಎರಡನೆಯ ಪುಟದ ಷರತ್ತು ಇನ್ನೂ ಗಂಭೀರ. ಕೆಲಸ ಬಿಟ್ಟರೂ ಬಿಡಿಸಿದರೂ ಮರುದಿನವೇ ಕೊಠಡಿ ತೆರವು ಮಾಡಬೇಕು. ಹೊರಗಿನವರನ್ನು ಕರೆಸಿ ‘ಸಭೆ’ ನಡೆಸಿದರೂ ಅಷ್ಟೇ. ವೆಸ್ಟ್ ವರ್ಜೀನಿಯಾದ ನ್ಯಾಯಾಲಯಗಳು ಕಂಪನಿಯ ಮನೆಯಲ್ಲಿದ್ದ ಕಾರ್ಮಿಕನನ್ನು ಬಾಡಿಗೆದಾರನೆಂದು ಎಣಿಸದೆ ಯಜಮಾನನ ಸೇವಕನೆಂದು ಎಣಿಸಿದ್ದರಿಂದ, ಕೆಲಸ ಹೋದವನಿಗೆ ಮನೆಯೂ ಹೋಗುತ್ತಿತ್ತು. 1920ರ ಮೇ 19ರಂದು ಮೇಟ್‌ವಾನ್ ಎಂಬಲ್ಲಿ, ಸಂಘ ಸೇರಿದವರ ಕುಟುಂಬಗಳನ್ನು ಹೊರಹಾಕಿ ಮರಳುತ್ತಿದ್ದ, ಗಣಿ ಕಂಪನಿ ನೇಮಿಸಿದ್ದ ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರಿಗೂ ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ನ ಕಡೆಯವರಿಗೂ ಗುಂಡಿನ ಕಾಳಗವಾಗಿ 10 ಮಂದಿ ಸತ್ತರು.

ಬೈಕಂಪಾಡಿಯಲ್ಲಿ ಬಂದೂಕಿಲ್ಲ, ಗೇಟಿನ ಕಾವಲುಗಾರರೂ ಸಭ್ಯರು. ಹೋಲಿಕೆ ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ಆದರೆ ಪಕ್ಕದ ಮಂಚದಲ್ಲಿದ್ದ, ಜಾರ್ಖಂಡಿನ ಕಲ್ಲಿದ್ದಲು ಊರು ಝರಿಯಾದ ವೆಲ್ಡರ್ ಆ ಪುಟವನ್ನು ನನ್ನಿಂದ ಓದಿಸಿ ಕೇಳಿ, ತಮ್ಮ ಅಜ್ಜ ಇದ್ದ ‘ಧೌಡಾ’ದಲ್ಲೂ ಇದೇ ನಿಯಮವಿತ್ತು ಎಂದರು. ಎಪ್ಪತ್ತರ ದಶಕದ ಆರಂಭದಲ್ಲಿ ರಾಷ್ಟ್ರೀಕರಣವಾಗುವ ಮುಂಚೆ ಅಲ್ಲಿನ ಖಾಸಗಿ ಗಣಿಗಳ ಕೂಲಿಯವರು ವಾಸಿಸುತ್ತಿದ್ದ ಕಿರುಕೋಣೆಗಳ ಸಾಲನ್ನು ಹಾಗೆ ಕರೆಯುತ್ತಾರೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1936ರ ವೇತನ ಪಾವತಿ ಕಾಯ್ದೆಯು ಕೂಲಿಯನ್ನು ಚಲಾವಣೆಯಲ್ಲಿರುವ ಹಣದಲ್ಲೇ ಕೊಡಬೇಕೆಂದಿತು. ವಸತಿಯ ಬಾಬ್ತು ಹಣ ಮುರಿದುಕೊಳ್ಳಲು ಆ ವಸತಿಯನ್ನು ಕಾರ್ಮಿಕ ಒಪ್ಪಿಕೊಂಡಿರಬೇಕು, ಮೊತ್ತ ಅದರ ಮೌಲ್ಯವನ್ನು ಮೀರಬಾರದು ಎಂದೂ ಹೇಳಿತು. ಒಟ್ಟು ಕಡಿತ ಸಂಬಳದ ಅರ್ಧವನ್ನು ದಾಟಬಾರದೆಂಬ ಮಿತಿ 2019ರ ವೇತನ ಸಂಹಿತೆಯಲ್ಲೂ ಇದೆ. ಹೊರರಾಜ್ಯದಿಂದ ಕರೆತಂದವರಿಗೆ ವಸತಿ ಒದಗಿಸುವುದು ಗುತ್ತಿಗೆದಾರನ ಹೊಣೆಯೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದ್ದರಿಂದ ಕೊಠಡಿ ಕೊಟ್ಟದ್ದನ್ನು ಉಪಕಾರವೆಂಬಂತೆ ಪದೇ ಪದೇ ನೆನಪಿಸುವ ಕಚೇರಿಯವರ ಮಾತಿಗೆ ಮಣಿಯಬೇಕಾಗಿಲ್ಲ.

ಐದರಲ್ಲಿ ಕೊಠಡಿಗೆ ನಾಲ್ಕು, ಮೆಸ್ಸಿಗೆ ಮೂರೂವರೆ, ಅಂಗಡಿಗೆ ಒಂದು ಕೊಡುತ್ತೇನೆ. ಕರಾರಿಗೆ ಏನೂ ಇಲ್ಲ. ಬೇರೆ ದಾರಿಯಿಲ್ಲದೆ ಸೇರುವವರು ಜಿನಸನ್ನು ಕುಳಾಯಿಯಲ್ಲಿ ನಗದು ಕೊಟ್ಟು ತನ್ನಿ, ಕೂಪನ್ ಪುಸ್ತಕಕ್ಕೆ ಸಹಿ ಹಾಕಬೇಡಿ, ಪ್ರತಿ ತಿಂಗಳ ಕಡಿತದ ವಿವರವನ್ನು ಬರಹದಲ್ಲಿ ಪಡೆಯಿರಿ. ಗುಮಾಸ್ತರು ಅದಕ್ಕೆ ತಕರಾರು ಮಾಡುವುದಿಲ್ಲ, ಆದರೆ ಕೇಳದವರಿಗೆ ಕೊಡುವುದೂ ಇಲ್ಲ.